ಮೊದಲ ಸಲ ಮನೆಯಲ್ಲೇ ಬೈಕ್ ಸರ್ವಿಸ್: ಯಾವುದರಿಂದ ಶುರು, ಬೋಲ್ಟ್ ಎಷ್ಟು ಟೈಟ್?

ಹೊಸ_ಪಾನಾ

ಎಲ್ಲರಿಗೂ ನಮಸ್ಕಾರ. ಬೈಕು 150 ಸಿಸಿ, ಸಿಂಗಲ್ ಸಿಲಿಂಡರ್, ಏರ್ ಕೂಲ್ಡ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಡಬಲ್ ಸ್ಟ್ಯಾಂಡ್ ಇದೆ. ವಾರಂಟಿ ಮುಗಿದಿದೆ, ಇನ್ನು ಸಣ್ಣಪುಟ್ಟ ಸರ್ವಿಸ್ ನಾನೇ ಮಾಡ್ಕೊಳ್ಳೋಣ ಅಂತ. ಈ ಸಲ ಆಗಬೇಕಿರೋದು ನಾಲ್ಕು: ಎಂಜಿನ್ ಆಯಿಲ್ ಮತ್ತು ಆಯಿಲ್ ಫಿಲ್ಟರ್, ಚೈನ್ ತೊಳೆದು ಟೈಟ್ ಮಾಡೋದು, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್.

ಕೈಲಿರೋದು ಬೈಕಿನ ಜೊತೆ ಬಂದ ಟೂಲ್ ಕಿಟ್, 8ರಿಂದ 24ರವರೆಗಿನ ರಿಂಗ್ ಸ್ಪ್ಯಾನರ್ ಸೆಟ್, ಒಂದು ಸ್ಟಾರ್ ಸ್ಕ್ರೂಡ್ರೈವರ್. ಟಾರ್ಕ್ ರೆಂಚ್ (ಎಷ್ಟು ಬಲದಲ್ಲಿ ಬಿಗಿ ಮಾಡ್ತಿದೀವಿ ಅಂತ ತೋರಿಸೋ ಸ್ಪ್ಯಾನರ್) ಇಲ್ಲ. ಮ್ಯಾನ್ಯುಯಲ್ ಓದಿದೀನಿ, ಆದ್ರೂ ಕೆಲವು ಅನುಮಾನ ಉಳಿದಿವೆ:

ನಾಲ್ಕರಲ್ಲಿ ಮೊದಲು ಯಾವುದಕ್ಕೆ ಕೈ ಹಾಕಲಿ? ಡ್ರೈನ್ ಬೋಲ್ಟ್ (ಹಳೆ ಆಯಿಲ್ ಇಳಿಸೋಕೆ ಬಿಚ್ಚೋ ಕೆಳಗಿನ ಬೋಲ್ಟ್) ಎಷ್ಟು ಟೈಟ್ ಮಾಡಬೇಕು ಅಂತ ಟಾರ್ಕ್ ರೆಂಚ್ ಇಲ್ಲದೆ ತಿಳಿಯೋದು ಹೇಗೆ? ಆಯಿಲ್ ಒಂದು ಕಡೆ 1 ಲೀಟರ್, ಇನ್ನೊಂದು ಕಡೆ 1.2 ಲೀಟರ್ ಅಂತ ಬರೆದಿದ್ದಾರೆ, ಯಾವುದು ಹಿಡೀಲಿ? ಕಾರಿಗೆ ತಂದ 5ಡಬ್ಲ್ಯು-30 ಆಯಿಲ್ ಉಳಿದಿದೆ, ನಡೆಯುತ್ತಾ? ಚೈನ್ ತೊಳೆಯೋಕೆ ಪೆಟ್ರೋಲ್ ಆಗುತ್ತಾ?

---

ಸೀಮೆಎಣ್ಣೆ_ಡಬ್ಬಿ

ಕಾರಿನ ಆಯಿಲ್ ಬೇಡ. ನಿಮ್ಮ ಬೈಕಿನಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕಾರಿನ ತೆಳು ಆಯಿಲ್‌ಗಳಿಗೆ ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಸೇರಿಸಿರುತ್ತಾರೆ. ಅದು ಪಿಸ್ಟನ್‌ಗೆ ಒಳ್ಳೆಯದು, ಕ್ಲಚ್ ಪ್ಲೇಟಿಗೆ ಕೆಟ್ಟದ್ದು. ಥ್ರಾಟಲ್ ಕೊಟ್ಟಾಗ ಎಂಜಿನ್ ಸದ್ದು ಏರುತ್ತದೆ, ಬೈಕು ಮಾತ್ರ ಓಡುವುದಿಲ್ಲ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (ಬೈಕಿನ ಕ್ಲಚ್‌ಗೆ ಹೊಂದುವ ಆಯಿಲ್‌ನ ಗುರುತು) ಎಂದಿರಬೇಕು, ಗ್ರೇಡ್ ಮ್ಯಾನ್ಯುಯಲ್‌ನಲ್ಲಿ ಇರುವುದೇ.

1 ಲೀಟರ್, 1.2 ಲೀಟರ್ ಎರಡೂ ಸರಿಯೇ. ಬರೀ ಆಯಿಲ್ ಬದಲಿಸುವಾಗ ಬೇಕಾಗುವುದು ಕಡಿಮೆ ಅಳತೆ. ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದಾಗ ಬೇಕಾಗುವುದು ಹೆಚ್ಚಿನದು. ಎಷ್ಟೇ ಹೊತ್ತು ಬಿಟ್ಟರೂ ಒಳಗಿನ ಸಂದುಗೊಂದುಗಳಲ್ಲಿ ಒಂದಷ್ಟು ಹಳೆ ಆಯಿಲ್ ಉಳಿದೇ ಉಳಿಯುತ್ತದೆ, ಎರಡರ ನಡುವಿನ ವ್ಯತ್ಯಾಸ ಅದೇ. ಮೊದಲು 900 ಮಿ.ಲೀ. ಹಾಕಿ. ಉಳಿದದ್ದನ್ನು ಡಿಪ್‌ಸ್ಟಿಕ್ ನೋಡಿಕೊಂಡು ಸ್ವಲ್ಪಸ್ವಲ್ಪವೇ ಸೇರಿಸಿ. ಕಡಿಮೆಯಾದರೆ ಹಾಕುವುದು ಸುಲಭ, ಹೆಚ್ಚಾದದ್ದನ್ನು ತೆಗೆಯುವುದು ರಗಳೆ.

ಇನ್ನು ಡ್ರೈನ್ ಬೋಲ್ಟ್. ಮೊದಲ ಸಲ ಮಾಡುವವರು ಹೆಚ್ಚು ಕೆಡಿಸುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬೋಲ್ಟು ಉಕ್ಕಿನದು, ಅದು ಕೂರುವ ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಕೆಳಭಾಗದ ಹೊರಕವಚ) ಅಲ್ಯುಮಿನಿಯಂ. ಬಲ ಹೆಚ್ಚಾದರೆ ಸೋಲುವುದು ಯಾವಾಗಲೂ ಅಲ್ಯುಮಿನಿಯಂ. ಬೋಲ್ಟು ಹೋದರೆ ಹೊಸದು ಸಿಗುತ್ತದೆ. ಕೇಸಿನ ಥ್ರೆಡ್ ಹೋದರೆ ಲೇತ್‌ನವರ ಹತ್ತಿರ ಹೋಗಿ ಒಳಗೆ ಹೊಸ ಥ್ರೆಡ್ ಕೂರಿಸಬೇಕು.

ತಪ್ಪಾಗುವ ದಾರಿಗಳು ಮೂರು. ಒಂದು, ದಿಕ್ಕು. ಬೋಲ್ಟಿನ ತಲೆ ನೆಲದ ಕಡೆ ಮುಖ ಮಾಡಿರುತ್ತದೆ, ನೀವು ಮೇಲಿನಿಂದ ಬಗ್ಗಿ ನೋಡುತ್ತೀರಿ. ಬಿಚ್ಚುತ್ತಿದ್ದೇನೆ ಅಂದುಕೊಂಡು ಇನ್ನಷ್ಟು ಬಿಗಿ ಮಾಡುವುದು ಇದರಿಂದಲೇ. ನೆಲದ ಮೇಲೆ ಮಲಗಿ ಬೋಲ್ಟಿನ ತಲೆಯನ್ನು ನೇರವಾಗಿ ನೋಡುತ್ತಿದ್ದೀರಿ ಅಂದುಕೊಳ್ಳಿ, ಅಲ್ಲಿಂದ ಗಡಿಯಾರದ ವಿರುದ್ಧ ದಿಕ್ಕು. ಎರಡು, ತಪ್ಪು ಬೋಲ್ಟ್. ಕೆಲವು ಎಂಜಿನ್‌ಗಳ ಕೆಳಗೆ ಕ್ಯಾಮ್ ಚೈನ್ ಟೆನ್ಷನರ್‌ನ ಬೋಲ್ಟ್ ಕೂಡ ಅಲ್ಲೇ ಹತ್ತಿರ ಇರುತ್ತದೆ, ಬಿಚ್ಚಿದರೆ ಸ್ಪ್ರಿಂಗ್ ಹೊರಗೆ ಬರುತ್ತದೆ. ಚಿತ್ರ ನೋಡಿ ಖಚಿತ ಮಾಡಿಕೊಳ್ಳದೆ ಸ್ಪ್ಯಾನರ್ ಇಡಬೇಡಿ. ಮೂರು, ಹಳೆ ವಾಷರ್. ತಾಮ್ರದ ಅಥವಾ ಅಲ್ಯುಮಿನಿಯಂ ವಾಷರ್ ಒಮ್ಮೆ ಒತ್ತಿಸಿಕೊಂಡರೆ ಗಟ್ಟಿಯಾಗುತ್ತದೆ. ಅದನ್ನೇ ಮತ್ತೆ ಹಾಕಿದರೆ ಸ್ವಲ್ಪ ಒಸರುತ್ತದೆ, ಒಸರಿದ್ದನ್ನು ನಿಲ್ಲಿಸಲು ಇನ್ನಷ್ಟು ಬಿಗಿ ಮಾಡುತ್ತೀರಿ, ಥ್ರೆಡ್ ಹೋಗುತ್ತದೆ. ಪ್ರತಿ ಸಲ ಹೊಸ ವಾಷರ್ ಹಾಕಿ.

ಟಾರ್ಕ್ ರೆಂಚ್ ಇಲ್ಲವೆಂದರೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಈ ಗಾತ್ರದ ಬೈಕುಗಳ ಡ್ರೈನ್ ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 30 ನ್ಯೂಟನ್ ಮೀಟರ್ ಕೊಟ್ಟಿರುತ್ತಾರೆ. ನಿಮ್ಮದು 25 ಅಂತಿಟ್ಟುಕೊಳ್ಳಿ. ಬೋಲ್ಟಿನ ನಡುವಿನಿಂದ ಸರಿಯಾಗಿ 20 ಸೆಂ.ಮೀ. ದೂರದಲ್ಲಿ ಸ್ಪ್ಯಾನರ್‌ಗೆ ಕೊಕ್ಕೆ ಸಿಕ್ಕಿಸಿ, ಸ್ಪ್ಯಾನರ್‌ಗೆ ಲಂಬವಾಗಿ ಎಳೆಯಿರಿ. ತಕ್ಕಡಿ 12.7 ಕೆ.ಜಿ. ತೋರಿಸಿದಾಗ 25 ನ್ಯೂಟನ್ ಮೀಟರ್ ಆಯಿತು. ಲೆಕ್ಕ ಇಷ್ಟೇ: ಟಾರ್ಕನ್ನು ಮೀಟರ್‌ನಲ್ಲಿ ಹೇಳಿದ ದೂರದಿಂದ ಭಾಗಿಸಿ, ಬಂದದ್ದನ್ನು 9.8ರಿಂದ ಭಾಗಿಸಿ.

ಹೊಸ ವಾಷರ್ ಕುಸಿಯುವಾಗ ಕೈಗೂ ಗೊತ್ತಾಗುತ್ತದೆ. ಬೆರಳಲ್ಲಿ ತಿರುಗಿಸಿ ಬೋಲ್ಟ್ ಕೂತ ಮೇಲೆ ಸ್ಪ್ಯಾನರ್ ಹಾಕಿದರೆ ಮೊದಲು ಸ್ವಲ್ಪ ದೂರ ಮೆತ್ತಗೆ ಹೋಗುತ್ತದೆ, ಆಮೇಲೆ ಒಮ್ಮೆಲೇ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೂ ಮತ್ತೆ ಮೆತ್ತಗೆ ತಿರುಗತೊಡಗಿತು ಅಂದರೆ ತಕ್ಷಣ ನಿಲ್ಲಿಸಿ, ಥ್ರೆಡ್ ಕಿತ್ತು ಬರುತ್ತಿದೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಎಂಜಿನ್ ಮೂರರಿಂದ ಐದು ನಿಮಿಷ ಓಡಿಸಿ ಆಫ್ ಮಾಡಿ. ಆಯಿಲ್ ಬೆಚ್ಚಗಾದರೆ ಸಾಕು, ಸೈಲೆನ್ಸರ್ ಸುಡುವಷ್ಟು ಬೇಡ. ಡಬಲ್ ಸ್ಟ್ಯಾಂಡ್ ಹಾಕಿ, ಮೇಲಿನ ಮುಚ್ಚಳ ಮೊದಲೇ ತೆಗೆಯಿರಿ, ಕೆಳಗೆ ಅಗಲವಾದ ಟಬ್ಬು ಇಡಿ. ಫಿಲ್ಟರ್ ಮುಚ್ಚಳದ ಸಣ್ಣ ಬೋಲ್ಟುಗಳು ಒಂದೇ ಉದ್ದ ಇರುವುದಿಲ್ಲ. ರಟ್ಟಿನ ಮೇಲೆ ಮುಚ್ಚಳದ ಆಕಾರ ಬರೆದು, ತೂತು ಮಾಡಿ, ಯಾವುದು ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ಕಾಗದದ ಫಿಲ್ಟರ್ ಆಗಿದ್ದರೆ ಯಾವ ಬದಿ ಹೊರಗೆ ಎಂದು ಅದರ ಮೇಲೆಯೇ ಗುರುತಿರುತ್ತದೆ. ತಿರುಗಾಮುರುಗಾ ಹಾಕಿದರೆ ಎಂಜಿನ್‌ಗೆ ಆಯಿಲ್ ಸರಿಯಾಗಿ ಹೋಗುವುದಿಲ್ಲ, ಎಂಜಿನ್ ಜಾಮ್ ಆಗುವವರೆಗೂ ಅದು ಹೋಗಬಹುದು. ಹಿಂದಿನ ಸ್ಪ್ರಿಂಗ್ ಮರೆಯಬೇಡಿ. ಮುಚ್ಚಳದ ಓ-ರಿಂಗಿಗೆ ಬೆರಳಲ್ಲಿ ಸ್ವಲ್ಪ ಹೊಸ ಆಯಿಲ್ ಸವರಿ. ಆ ಸಣ್ಣ ಬೋಲ್ಟುಗಳಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಸ್ಪ್ಯಾನರ್‌ನ ತುದಿ ಹಿಡಿಯದೆ ತಲೆಯ ಹತ್ತಿರ ಹಿಡಿದು ತಿರುಗಿಸಿದರೆ ಕೈ ಅದಕ್ಕಿಂತ ಹೆಚ್ಚು ಕೊಡಲಾರದು.

ನಿಮ್ಮ ಬೈಕಿಗೆ ಬದಲಿಸುವ ಫಿಲ್ಟರೇ ಇಲ್ಲದಿರಬಹುದು. ಎಷ್ಟೋ ಸಣ್ಣ ಎಂಜಿನ್‌ಗಳಲ್ಲಿ ಜಾಲರಿ ಮಾತ್ರ ಇರುತ್ತದೆ, ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಹಾಕಿದರೆ ಆಯಿತು.

ಮೊದಲು ಯಾವುದು ಅಂದರೆ: ಚೈನ್, ಆಮೇಲೆ ಏರ್ ಫಿಲ್ಟರ್, ಆಮೇಲೆ ಆಯಿಲ್, ಕೊನೆಗೆ ಪ್ಲಗ್. ಚೈನಿನ ಕಡೆ ಎಲ್ಲಾ ಉಕ್ಕು, ಸ್ವಲ್ಪ ಹೆಚ್ಚುಕಡಿಮೆಯಾದರೂ ಮತ್ತೆ ಸರಿಮಾಡಬಹುದು. ಪ್ಲಗ್ ಕೂರುವುದು ಸಿಲಿಂಡರ್ ಹೆಡ್‌ನಲ್ಲಿ, ಅಲ್ಲಿ ಥ್ರೆಡ್ ಹೋದರೆ ಹೆಡ್ಡನ್ನೇ ಇಳಿಸುವ ಪರಿಸ್ಥಿತಿ.

---

ಹನ್ನೆರಡು_ಹದಿಮೂರು

ಮೇಲಿನದ್ದೆಲ್ಲ ಸರಿ, ಆದರೆ ಚೈನ್ ಮೊದಲು ಅನ್ನೋದನ್ನ ನಾನು ಒಪ್ಪಲ್ಲ. ಡ್ರೈನ್ ಬೋಲ್ಟ್ ಲೂಸ್ ಬಿಟ್ಟರೆ ನೆಲ ಗಲೀಜಾಗುತ್ತೆ. ಹಿಂದಿನ ಆಕ್ಸಲ್ ನಟ್ ಲೂಸ್ ಬಿಟ್ಟರೆ ಓಡುವಾಗ ಚಕ್ರ ವಾಲುತ್ತೆ. ಸರಿಮಾಡೋಕೆ ಸುಲಭ ಅನ್ನೋದು ಬೇರೆ, ತಪ್ಪಾದರೆ ಏನಾಗುತ್ತೆ ಅನ್ನೋದು ಬೇರೆ. ಏರ್ ಫಿಲ್ಟರ್‌ನಿಂದ ಶುರು ಮಾಡಿ. ಮತ್ತೆ ನಾಲ್ಕೂ ಒಂದೇ ದಿನ ಬೇಡ. ಒಂದು ಮಾಡಿ, ಒಂದೆರಡು ದಿನ ಓಡಿಸಿ, ಆಮೇಲೆ ಇನ್ನೊಂದು. ಎಲ್ಲ ಒಟ್ಟಿಗೆ ಮಾಡಿ ಆಮೇಲೆ ಏನೋ ಸದ್ದು ಬಂದರೆ ಯಾವುದರಿಂದ ಅಂತ ಹುಡುಕೋದು ಕಷ್ಟ.

ಚೈನಿಗೆ ಪೆಟ್ರೋಲ್ ಬೇಡವೇ ಬೇಡ. ಓ-ರಿಂಗ್ ಚೈನ್ ಆಗಿದ್ದರೆ ಆ ರಬ್ಬರ್ ಉಂಗುರಗಳು ಪೆಟ್ರೋಲಿಗೆ ಉಬ್ಬುತ್ತವೆ, ಆಮೇಲೆ ಒಡೆಯುತ್ತವೆ, ಒಳಗೆ ಕಾರ್ಖಾನೆಯಲ್ಲಿ ತುಂಬಿದ ಗ್ರೀಸ್ ಹೊರಗೆ ಹೋಗುತ್ತೆ. ಆ ಗ್ರೀಸನ್ನ ನೀವು ಹೊರಗಿನಿಂದ ಮತ್ತೆ ತುಂಬೋಕೆ ಆಗಲ್ಲ. ಸಾದಾ ಚೈನ್ ಆದರೂ ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು. ಸೀಮೆಎಣ್ಣೆ 150 ಮಿ.ಲೀ. ಇದ್ದರೆ ಇಡೀ ಚೈನಿಗೆ ಆಗುತ್ತೆ. ಬ್ರಷ್ ಮೆತ್ತನೆಯದು, ತಂತಿ ಬ್ರಷ್ ಅಲ್ಲ.

ಎಂಜಿನ್ ಆಫ್, ನ್ಯೂಟ್ರಲ್, ಕೀ ಜೇಬಿನಲ್ಲಿ. ಗೇರ್ ಹಾಕಿ ಚಕ್ರ ತಾನಾಗಿ ತಿರುಗಲಿ ಅಂತ ಬಿಟ್ಟು ಬಟ್ಟೆ ಹಿಡಿಯೋದು ವಿಡಿಯೋಗಳಲ್ಲಿ ಚೆನ್ನಾಗಿ ಕಾಣುತ್ತೆ. ಬಟ್ಟೆ ಸ್ಪ್ರಾಕೆಟ್‌ಗೆ (ಚೈನ್ ಕೂರೋ ಹಲ್ಲಿನ ಚಕ್ರ) ಸಿಕ್ಕಿದಾಗ ಕೈ ಬಿಡೋಕೆ ಸಮಯ ಇರಲ್ಲ, ಬೆರಳು ಹೋಗುತ್ತೆ. ಕೈಯಲ್ಲೇ ಹಿಂದಕ್ಕೆ ತಿರುಗಿಸ್ಕೊಂಡು ಮಾಡಿ.

ತೊಳೆದು ಒರೆಸಿ 20 ನಿಮಿಷ ಒಣಗೋಕೆ ಬಿಟ್ಟು 90 ನಂಬರ್ ಗೇರ್ ಆಯಿಲ್ ಅಥವಾ ಚೈನ್ ಸ್ಪ್ರೇ. ಹಾಕೋ ಜಾಗ ಮುಖ್ಯ: ಚೈನಿನ ಕೆಳಗಿನ ಸಾಲು, ಅದರ ಒಳಮುಖ, ರೋಲರ್ ಮತ್ತು ಪ್ಲೇಟಿನ ನಡುವಿನ ಸಂದಿ. ಒಂದು ರೋಲರ್‌ಗೆ ಎರಡೂ ಪಕ್ಕ ಒಂದೊಂದು ಹನಿ. ಓಡುವಾಗ ಅದು ತಾನಾಗಿ ಹೊರಮುಖಕ್ಕೆ ಬರುತ್ತೆ. ಹೊರಗೆ ಮಿಂಚೋ ಹಾಗೆ ಬಳಿದರೆ ಧೂಳು ಹಿಡಿದು ಉಜ್ಜೋ ಪೇಸ್ಟ್ ಆಗುತ್ತೆ ಅಷ್ಟೇ. ಅರ್ಧ ಗಂಟೆ ಬಿಟ್ಟು ಹೆಚ್ಚಾದದ್ದನ್ನ ಒರೆಸಿ, ಟೈರಿನ ಮೇಲೆ ಬಿದ್ದಿದ್ದರೆ ಸೋಪು ಹಾಕಿ ತೊಳೀರಿ. 500 ಕಿ.ಮೀ.ಗೆ ಒಮ್ಮೆ, ಮಳೇಲಿ ಓಡಿಸಿದರೆ ಅದಕ್ಕಿಂತ ಮೊದಲೇ.

ಟೈಟ್ ಮಾಡೋದು. ಕೆಳಗಿನ ಸಾಲಿನ ಮಧ್ಯದಲ್ಲಿ ಬೆರಳಿಂದ ಮೇಲೆ ಕೆಳಗೆ ಆಡಿಸಿ, ಪಕ್ಕದಲ್ಲಿ ಸ್ಕೇಲ್ ಹಿಡಿದು ಒಟ್ಟು ಎಷ್ಟು ಆಡುತ್ತೆ ನೋಡಿ. ಮೇಲಕ್ಕೆ ಎಷ್ಟು ಹೋಯ್ತು ಅಂತ ಮಾತ್ರ ನೋಡಿ ಅಳತೆ ಹಿಡಿದರೆ ತಪ್ಪಾಗುತ್ತೆ. ಈ ತರಹದ ಬೈಕುಗಳಿಗೆ 20ರಿಂದ 30 ಅಥವಾ 25ರಿಂದ 35 ಮಿ.ಮೀ. ಅಂತ ಇರುತ್ತೆ, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಮೇಲಿನ ಸ್ಟಿಕರ್ ನೋಡಿ. ಡಬಲ್ ಸ್ಟ್ಯಾಂಡಲ್ಲಿ ಅಳೀಬೇಕಾ ಸೈಡ್ ಸ್ಟ್ಯಾಂಡಲ್ಲಾ ಅನ್ನೋದೂ ಅಲ್ಲೇ ಇರುತ್ತೆ. ಚಕ್ರ ತಿರುಗಿಸ್ತಾ ನಾಲ್ಕೈದು ಕಡೆ ಅಳೆದು, ಎಲ್ಲಕ್ಕಿಂತ ಬಿಗಿಯಾಗಿರೋ ಜಾಗಕ್ಕೆ ಸರಿಹೊಂದಿಸಿ.

ಸದ್ದು ಬರಬಾರದು ಅಂತ ಬಿಗಿ ಮಾಡೋರು ಜಾಸ್ತಿ. ಚೈನ್ ಲೂಸ್ ಇರೋದಕ್ಕಿಂತ ಟೈಟ್ ಇರೋದು ಕೆಟ್ಟದ್ದು. ಮುಂದಿನ ಸ್ಪ್ರಾಕೆಟ್ ಒಂದು ಕಡೆ, ಸ್ವಿಂಗ್ ಆರ್ಮ್ ತಿರುಗೋ ಕೀಲು ಇನ್ನೊಂದು ಕಡೆ. ಇಬ್ಬರು ಕೂತು ಹಳ್ಳಕ್ಕೆ ಬಿದ್ದಾಗ ಸ್ಪ್ರಾಕೆಟ್, ಕೀಲು, ಆಕ್ಸಲ್ ಮೂರೂ ಒಂದೇ ಗೆರೆಗೆ ಬರ್ತವೆ, ಆಗ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಹೆಚ್ಚುತ್ತೆ. ಬಿಡುವು ಇಲ್ಲದ ಚೈನ್ ಆ ಹೊತ್ತಲ್ಲಿ ಗೇರ್‌ಬಾಕ್ಸಿನ ಶಾಫ್ಟನ್ನೇ ಎಳೆಯುತ್ತೆ, ಬೇರಿಂಗ್ ಹೋಗುತ್ತೆ.

ಕ್ರಮ: ಆಕ್ಸಲ್ ನಟ್ ಲೂಸ್ ಮಾಡಿ, ಪೂರ್ತಿ ತೆಗೀಬೇಡಿ. ಡ್ರಮ್ ಬ್ರೇಕಿನ ಟಾರ್ಕ್ ಆರ್ಮ್ (ಡ್ರಮ್ಮಿನ ಪ್ಲೇಟ್ ಸುತ್ತದ ಹಾಗೆ ಹಿಡಿಯೋ ಪಟ್ಟಿ) ನಟ್ ಕೂಡ ಸ್ವಲ್ಪ ಲೂಸ್. ಅಡ್ಜಸ್ಟರ್ ನಟ್ ಎರಡೂ ಬದಿ ಒಂದೇ ಸಮ ತಿರುಗಿಸಬೇಕು. ಸುತ್ತು ಲೆಕ್ಕ ಹಾಕೋ ಬದಲು ನಟ್ಟಿನ ಮುಖ ಎಣಿಸಿ: ಎಡಕ್ಕೆ ಎರಡು ಮುಖ, ಬಲಕ್ಕೆ ಎರಡು ಮುಖ. ಸ್ವಿಂಗ್ ಆರ್ಮ್ ಮೇಲಿನ ಗೀಟು ಎರಡೂ ಕಡೆ ಒಂದೇ ಇದೆಯಾ ನೋಡಿ. ಆ ಗೀಟುಗಳನ್ನ ನಾನು ಪೂರ್ತಿ ನಂಬಲ್ಲ, ಹಿಂದೆ ಕೂತು ಚೈನಿನ ಉದ್ದಕ್ಕೆ ಕಣ್ಣು ಹಾಯಿಸಿ: ಸ್ಪ್ರಾಕೆಟ್ ಹಲ್ಲು ಚೈನಿನ ಎರಡು ಪ್ಲೇಟುಗಳ ಸರಿ ಮಧ್ಯೆ ಇರಬೇಕು. ಹಲ್ಲಿನ ಒಂದೇ ಪಕ್ಕ ಉಜ್ಜಿ ಹೊಳೀತಿದ್ದರೆ ಚಕ್ರ ಓರೆ ಇದೆ.

ಆಕ್ಸಲ್ ನಟ್ ಬಿಗಿ ಮಾಡೋವಾಗ ಚಕ್ರ ಜರುಗಬಹುದು, ಹಾಕಿದ ಅಳತೆ ಕೆಡುತ್ತೆ. ಅದಕ್ಕೆ ಬಟ್ಟೆ ಮಡಿಸಿ ಹಿಂದಿನ ಸ್ಪ್ರಾಕೆಟ್ ಮತ್ತು ಚೈನಿನ ನಡುವೆ ಕೆಳಗಿನಿಂದ ಇಟ್ಟು, ಚಕ್ರವನ್ನ ಕೈಯಲ್ಲಿ ಮುಂದಕ್ಕೆ ತಿರುಗಿಸಿ. ಚೈನ್ ಬಿಗಿದು ಆಕ್ಸಲ್ ಅಡ್ಜಸ್ಟರ್‌ಗೆ ಒತ್ತಿಕೊಂಡು ನಿಲ್ಲುತ್ತೆ. ಆಗ ಟೈಟ್ ಮಾಡಿ, ಬಟ್ಟೆ ತೆಗೆದು ಮತ್ತೆ ಅಳೀರಿ. ಆಕ್ಸಲ್ ನಟ್ ಟಾರ್ಕ್ ಮ್ಯಾನ್ಯುಯಲ್‌ನಲ್ಲಿರೋದೇ. 70 ನ್ಯೂಟನ್ ಮೀಟರ್ ಅಂತಿದ್ದರೆ 25 ಸೆಂ.ಮೀ. ದೂರದಲ್ಲಿ ತಕ್ಕಡಿ 28.5 ಕೆ.ಜಿ. ತೋರಿಸಬೇಕು. ಸ್ಪ್ಲಿಟ್ ಪಿನ್ ಇದ್ದರೆ ಹೊಸದು ಹಾಕಿ. ಟಾರ್ಕ್ ಆರ್ಮ್ ನಟ್ ಮರೆತರೆ ಬ್ರೇಕ್ ಹಿಡಿದಾಗ ಡ್ರಮ್ಮಿನ ಪ್ಲೇಟೇ ಸುತ್ತಿಕೊಳ್ಳುತ್ತೆ.

ಇದೆಲ್ಲಕ್ಕಿಂತ ಮೊದಲು ಹಿಂದಿನ ಸ್ಪ್ರಾಕೆಟ್‌ನ ಹಿಂಭಾಗದಲ್ಲಿ ಚೈನನ್ನ ಬೆರಳಿಂದ ಹಿಂದಕ್ಕೆ ಎಳೆದು ನೋಡಿ. ಹಲ್ಲಿನ ಅರ್ಧಕ್ಕಿಂತ ಹೆಚ್ಚು ಕಾಣಿಸಿದರೆ ಟೈಟ್ ಮಾಡಿ ಪ್ರಯೋಜನ ಇಲ್ಲ, ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೆ ಬದಲಿಸಬೇಕು.

---

ಬೆಳ್ಳಗಿನ_ಹೊಗೆ

ಉಳಿದ ಎರಡು ನಾನು ಹೇಳ್ತೀನಿ.

ಪ್ಲಗ್: ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನ ಬ್ರಷ್‌ನಿಂದ ತೆಗೆಯಿರಿ ಅಥವಾ ಗಾಳಿ ಊದಿ, ಇಲ್ಲಾಂದ್ರೆ ಅದು ನೇರ ಸಿಲಿಂಡರ್ ಒಳಗೆ. ತುದಿಯ ಎರಡು ಎಲೆಕ್ಟ್ರೋಡ್‌ಗಳ ನಡುವಿನ ಗ್ಯಾಪನ್ನ ಫೀಲರ್ ಗೇಜಿನಿಂದ (ತೆಳು ಲೋಹದ ಅಳತೆ ಪಟ್ಟಿ) ನೋಡಿ. 0.6ರಿಂದ 0.9 ಮಿ.ಮೀ. ಒಳಗೆ ಒಂದೊಂದು ಬೈಕಿಗೆ ಒಂದೊಂದು ಅಳತೆ, ನಿಮ್ಮದು ಪುಸ್ತಕದಲ್ಲಿದೆ. ಹೊಸ ಪ್ಲಗ್ ಆದ್ರೂ ಅಳೆಯಿರಿ. ಹೊರಗಿನ ಎಲೆಕ್ಟ್ರೋಡ್ ಮಾತ್ರ ಬಗ್ಗಿಸಿ, ಮಧ್ಯದ್ದನ್ನ ಮುಟ್ಟಬೇಡಿ, ಪಿಂಗಾಣಿ ಬಿರುಕು ಬಿಡುತ್ತೆ.

ಹಾಕುವಾಗ ಸ್ಪ್ಯಾನರ್ ಪಕ್ಕಕ್ಕಿಡಿ. ಕೈ ಹೋಗದ ಜಾಗ ಆಗಿದ್ರೆ ಪ್ಲಗ್ಗಿನ ತಲೆಗೆ ಹಳೆ ಪೆಟ್ರೋಲ್ ಪೈಪಿನ ತುಂಡು ಸಿಕ್ಕಿಸಿ ಅದರಿಂದ ತಿರುಗಿಸಿ. ಥ್ರೆಡ್ ಓರೆ ಕೂತರೆ ರಬ್ಬರ್ ಪೈಪು ಜಾರುತ್ತೆ, ಹಾಗಾಗಿ ಹೆಡ್ ಕೆಡಿಸೋಷ್ಟು ಬಲ ಅದರಿಂದ ಬರೋದೇ ಇಲ್ಲ. ಪೂರ್ತಿ ಕೂತ ಮೇಲೆ ಸ್ಪ್ಯಾನರ್: ಹೊಸ ಪ್ಲಗ್ ಆದ್ರೆ ಅರ್ಧ ಸುತ್ತು, ಹಳೇದನ್ನೇ ಮತ್ತೆ ಹಾಕಿದ್ರೆ ಎಂಟನೇ ಒಂದು ಸುತ್ತು. ಹಳೇದರ ವಾಷರ್ ಆಗಲೇ ಚಪ್ಪಟೆ ಆಗಿರುತ್ತೆ.

ತೆಗೆದ ಪ್ಲಗ್ಗನ್ನ ಬಿಸಾಕೋ ಮುಂಚೆ ತುದಿ ನೋಡಿ. ತಿಳಿ ಕಂದು ಬಣ್ಣ ಇದ್ರೆ ಎಲ್ಲ ಸರಿ. ಒಣ ಕಪ್ಪು ಮಸಿ ಅಂದ್ರೆ ಪೆಟ್ರೋಲ್ ಜಾಸ್ತಿ ಅಥವಾ ಗಾಳಿ ಕಡಿಮೆ, ಏರ್ ಫಿಲ್ಟರ್ ಕಟ್ಟಿರಬಹುದು. ಎಣ್ಣೆ ಹಿಡಿದ ಕಪ್ಪು ಅಂದ್ರೆ ರಿಂಗ್ ಅಥವಾ ವಾಲ್ವ್ ಸೀಲ್ ಕಡೆ ಅನುಮಾನ. ಸುಣ್ಣದ ಹಾಗೆ ಬಿಳಿ ಇದ್ರೆ ಎಂಜಿನ್ ಅತಿಯಾಗಿ ಬಿಸಿಯಾಗ್ತಿದೆ.

ಏರ್ ಫಿಲ್ಟರ್ ಯಾವ ಜಾತಿ ಅಂತ ಮೊದಲು ನೋಡಿ. ಸ್ಪಾಂಜ್ ಆದ್ರೆ ಸೋಪು ನೀರಲ್ಲಿ ಹಿಂಡಿ (ತಿರುಚಬೇಡಿ, ಹರಿಯುತ್ತೆ), ನೆರಳಲ್ಲಿ ಒಣಗಿಸಿ, ಪುಸ್ತಕದಲ್ಲಿ ಹೇಳಿದ ಆಯಿಲಲ್ಲಿ ಅದ್ದಿ ಮತ್ತೆ ಹಿಂಡಿ. ಒಣ ಕಾಗದದ್ದು ಆದ್ರೆ ಒಳಗಿನಿಂದ ಹೊರಗೆ ಮೆಲ್ಲಗೆ ಗಾಳಿ. ಕಾಗದ ಮುಟ್ಟಿದ್ರೆ ಅಂಟಂಟು ಅನ್ನಿಸಿದ್ರೆ ಅದು ಎಣ್ಣೆ ಹಚ್ಚಿದ ಫಿಲ್ಟರ್. ಅದನ್ನ ತೊಳೆಯೋದೂ ಇಲ್ಲ, ಊದೋದೂ ಇಲ್ಲ, ಅವಧಿ ಬಂದಾಗ ಬದಲಿಸೋದು. ಕೊಳೆ ಕಾಣಿಸ್ತಿದೆ ಅಂತ ಗಾಳಿ ಊದಿದ್ರೆ ಆ ಎಣ್ಣೆಯೇ ಹಾರಿಹೋಗಿ ಧೂಳು ಒಳಗೆ ಹೋಗುತ್ತೆ.

ನಿಮ್ಮ ಸ್ಟಾರ್ ಸ್ಕ್ರೂಡ್ರೈವರ್ ಬಗ್ಗೆ ಒಂದು ಮಾತು. ಜಪಾನಿ ವಿನ್ಯಾಸದ ಬೈಕುಗಳ ಸ್ಟಾರ್ ಸ್ಕ್ರೂ ನೋಡೋಕೆ ಮಾಮೂಲಿ ಸ್ಟಾರ್ ತರಹ ಇದ್ದರೂ ಗುಳಿಯ ಆಕಾರ ಬೇರೆ. ಅದನ್ನ ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಂತಾರೆ. ಮಾಮೂಲಿ ಡ್ರೈವರ್ ಹಾಕಿದ್ರೆ ತುದಿ ಪೂರ್ತಿ ಇಳಿಯಲ್ಲ, ಬಲ ಕೊಟ್ಟಾಗ ಮೇಲೆದ್ದು ತಲೆ ಸವೆಯುತ್ತೆ. ಜೆಐಎಸ್ ಡ್ರೈವರ್ ಒಂದಿಟ್ಟುಕೊಳ್ಳಿ. ಗಟ್ಟಿ ಹಿಡಿದ ಸ್ಕ್ರೂಗೆ ಮೊದಲು ಒಂದೆರಡು ಹನಿ ನುಸುಳುವ ಎಣ್ಣೆ ಬಿಟ್ಟು ಕಾಯಿರಿ. ಬ್ರೇಕ್ ಡಿಸ್ಕ್ ಹತ್ತಿರ ಮಾತ್ರ ಸ್ಪ್ರೇ ಹೊಡೀಬೇಡಿ.

---

ಹೊಸ_ಪಾನಾ

ಎಲ್ಲರಿಗೂ ಧನ್ಯವಾದ. ಏರ್ ಫಿಲ್ಟರ್, ಆಯಿಲ್, ಚೈನ್ ಮೂರು ಆಯ್ತು. ಈಗ ಎರಡು ಪ್ರಶ್ನೆ. ಸರಿಯಾಗಿ 1 ಲೀಟರ್ ಅಳೆದೇ ಹಾಕಿದ್ರೂ ಡಿಪ್‌ಸ್ಟಿಕ್‌ನಲ್ಲಿ ಮೇಲಿನ ಗೀಟಿಗಿಂತ 3 ಮಿ.ಮೀ. ಮೇಲೆ ತೋರಿಸ್ತಿದೆ. ಇನ್ನೊಂದು, ಚೈನ್ ಟೈಟ್ ಮಾಡಿದ ಮೇಲೆ ಹಿಂದಿನ ಬ್ರೇಕ್ ಲೈಟ್ ಆರ್ತಾನೇ ಇಲ್ಲ, ಚಕ್ರ ಕೈಯಲ್ಲಿ ತಿರುಗಿಸಿದ್ರೆ ಸ್ವಲ್ಪ ಉಜ್ಜುತ್ತೆ.

---

ಸೀಮೆಎಣ್ಣೆ_ಡಬ್ಬಿ

ಡಿಪ್‌ಸ್ಟಿಕ್ಕನ್ನು ತಿರುಗಿಸಿ ಒಳಗೆ ಹಾಕಿ ನೋಡಿದಿರಾ, ಸುಮ್ಮನೆ ಇಟ್ಟು ನೋಡಿದಿರಾ? ಸುಮ್ಮನೆ ಥ್ರೆಡ್ ಮೇಲೆ ಕೂರಿಸಿ ನೋಡಿ ಎಂದು ಎಷ್ಟೋ ಬೈಕುಗಳ ಪುಸ್ತಕದಲ್ಲಿ ಇರುತ್ತದೆ. ಅಂಥದ್ದನ್ನು ತಿರುಗಿಸಿ ಒಳಗೆ ಹಾಕಿದರೆ ಕಡ್ಡಿ ಹೆಚ್ಚು ಆಳ ಮುಳುಗಿ ಮಟ್ಟ ಸುಳ್ಳಾಗಿ ಮೇಲೆ ಕಾಣುತ್ತದೆ. ಮೂರು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ ಎರಡು ಮೂರು ನಿಮಿಷ ಕಾದು, ಸಮತಟ್ಟು ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಕಡ್ಡಿ ಒರೆಸಿ ಮತ್ತೆ ನೋಡಿ.

ಆಗಲೂ ಮೇಲಿದ್ದರೆ ಹಳೆ ಆಯಿಲ್ ಪೂರ್ತಿ ಇಳಿದಿರಲಿಲ್ಲ ಎಂದರ್ಥ. ಹಾಗೇ ಓಡಿಸಬೇಡಿ. ಹೆಚ್ಚಾದ ಆಯಿಲ್ಲನ್ನು ಕ್ರ್ಯಾಂಕ್ ಕಡೆದು ನೊರೆ ಮಾಡುತ್ತದೆ, ಬ್ರೀದರ್ ಪೈಪಿನ ಮೂಲಕ ಅದು ನೀವು ಈಗಷ್ಟೇ ಹಾಕಿದ ಏರ್ ಫಿಲ್ಟರಿಗೇ ಬಂದು ಸೇರುತ್ತದೆ. ಡ್ರೈನ್ ಬೋಲ್ಟ್ ಮತ್ತೆ ಬಿಚ್ಚುವುದು ಬೇಡ, ಹೊಸ ವಾಷರ್ ಹಾಳು. 50 ಮಿ.ಲೀ. ಸಿರಿಂಜಿಗೆ ತೆಳು ಪೈಪು ಹಾಕಿ ಮೇಲಿನ ರಂಧ್ರದಿಂದ ಹೀರಿ ತೆಗೆಯಿರಿ. ತೆಗೆದದ್ದನ್ನೂ ಹಳೆಯದನ್ನೂ ಮುಚ್ಚಳ ಇರುವ ಕ್ಯಾನಿಗೆ ತುಂಬಿ ಹಳೆ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಿ, ಚರಂಡಿಗೆ ಬೇಡ.

---

ಹನ್ನೆರಡು_ಹದಿಮೂರು

ಬ್ರೇಕ್ ಸರಿಮಾಡೋವರೆಗೂ ಬೈಕ್ ತೆಗೀಬೇಡಿ. ಉಜ್ಜುತ್ತಾ ಓಡಿದರೆ ಡ್ರಮ್ ಬಿಸಿಯಾಗಿ ಲೈನರ್ ಸುಡುತ್ತೆ. ನಿಮ್ಮಿಂದ ತಪ್ಪೇನೂ ಆಗಿಲ್ಲ. ಚೈನ್ ಟೈಟ್ ಮಾಡಿದಾಗ ಚಕ್ರ ಹಿಂದಕ್ಕೆ ಹೋಯ್ತು, ಪೆಡಲ್ ಇದ್ದಲ್ಲೇ ಇದೆ, ನಡುವಿನ ಬ್ರೇಕ್ ರಾಡ್ ತಾನಾಗಿ ಎಳೆದುಕೊಂಡಿದೆ. ಪ್ರತಿ ಸಲ ಹೀಗೇ ಆಗುತ್ತೆ, ನಾನು ಮೇಲೆ ಬರೆಯೋದು ಬಿಟ್ಟಿದ್ದೆ.

ರಾಡಿನ ತುದಿಯ ನಟ್ಟನ್ನ ಲೂಸ್ ಕಡೆಗೆ ತಿರುಗಿಸಿ. ಪೆಡಲ್ ತುದಿಯಲ್ಲಿ 20ರಿಂದ 30 ಮಿ.ಮೀ. ಬಿಡುವು ಬರಬೇಕು, ಚಕ್ರ ಉಜ್ಜದೆ ತಿರುಗಬೇಕು. ಆ ನಟ್ಟಿನ ಮುಂದಿನ ಮುಖದಲ್ಲಿ ಅರ್ಧಚಂದ್ರದ ಹಾಗೆ ಒಂದು ಕಚ್ಚು ಇರುತ್ತೆ. ಬ್ರೇಕ್ ಆರ್ಮಿನ ಉರುಟು ಪಿನ್ ಅದರೊಳಗೆ ಸರಿಯಾಗಿ ಕೂತ ಮೇಲೆ ಪೆಡಲ್ ನಾಲ್ಕೈದು ಸಲ ಒತ್ತಿ, ಆಮೇಲೆ ಬಿಡುವು ಅಳೀರಿ. ಪಿನ್ ಕಚ್ಚಿನ ಅಂಚಿನ ಮೇಲೆ ನಿಂತಿರುವಾಗ ಅಳೆದರೆ, ಓಡಿಸುವಾಗ ಅದು ಒಳಗೆ ಜಾರಿ ಪೆಡಲ್ ಇದ್ದಕ್ಕಿದ್ದಂತೆ ಕೆಳಗೆ ಹೋಗುತ್ತೆ.

ಇದಾದ ಮೇಲೂ ಲೈಟ್ ಆರದಿದ್ದರೆ ಪೆಡಲ್ ಹತ್ತಿರದ ಬ್ರೇಕ್ ಸ್ವಿಚ್ಚಿನ ಪ್ಲಾಸ್ಟಿಕ್ ನಟ್ಟನ್ನ ಮಾತ್ರ ತಿರುಗಿಸಿ. ಸ್ವಿಚ್ಚಿನ ಮೈ ಹಿಡಿದು ತಿರುಗಿಸಿದರೆ ವೈರ್ ತಿರುಚಿಕೊಂಡು ತುಂಡಾಗುತ್ತೆ.